ಸೊನ್ನೆಯ ಹೊತ್ತಿಗೆ ಒಂದು

ಎರಡನೆಯ ಸಲ ಅದೇ ಕೋರ್ಸು, ಅದೇ ಕುಂಟು ಬೆಂಚು.
ವೂಚ್ ನಗರದ ನವೆಂಬರು, ಬೆಳಗಿನ ಏಳೂಕಾಲು,
ಟ್ರಾಮಿನ ತಂತಿಗೆ ಇನ್ನೂ ಕತ್ತಲು ಜೋತುಬಿದ್ದಿದೆ.
ಡಾಕ್ಟರ್ ಸ್ಕೋವ್ರೋನೆಕ್ ಹಲಗೆಯ ಮೇಲೆ ಕಡ್ಡಿ ನೆಡುತ್ತಾರೆ,
ಒಂದೊಂದರ ತಲೆಗೂ ಒಂದು ಚುಕ್ಕಿ:
“ಇದು ಮೂರರಲ್ಲಿ. ಇದು ನಾಲ್ಕರಲ್ಲಿ.
ಮೂರೂವರೆಯಲ್ಲಿ ಏನಿತ್ತೆಂದು ಕೇಳಬೇಡಿ.
ಸೊನ್ನೆ ಇತ್ತು ಅಂತಲೂ ಅಲ್ಲ.
ಆ ಪ್ರಶ್ನೆಯೇ ಇಲ್ಲ.”

ಹೋದ ವರ್ಷ ನಾನು ಬಿದ್ದದ್ದು ಆ ಮೂರೂವರೆಯೊಳಕ್ಕೇ.

ಈ ವರ್ಷ ಪ್ರಾಜೆಕ್ಟು. ಜೊತೆಗೆ ಬೊಗ್ನಾ;
ಅವಳಿಗೆ ಎಲ್ಲ ಬರುತ್ತದೆ,
ಬರುವುದನ್ನು ಮುಚ್ಚಿಡಲು ಮಾತ್ರ ಬರುವುದಿಲ್ಲ.
ಒಂದು ಮೈಕು, ಒಂದು ಲ್ಯಾಪ್‌ಟಾಪು,
ಹುಟ್ಟುಹಬ್ಬದ ಕೆಂಪು ಬಲೂನು ಒಂದು ಡಜನ್.
ಹಳಿಯಾಚೆಯ ಹಳೆಯ ನೇಯ್ಗೆ ಗಿರಣಿ
ವಸಂತಕ್ಕೆ ಫ್ಲ್ಯಾಟುಗಳಾಗುತ್ತದಂತೆ.
ಅಷ್ಟರೊಳಗೆ ಅದರ ಸದ್ದನ್ನು ಅಳೆದು ತರಬೇಕು.

ಕೀಲಿಕೈ ಇದ್ದದ್ದು ಪಾನಿ ಲೊಂಗಿನಾ ಬಳಿ.
ಎಪ್ಪತ್ತೆಂಟು ವಯಸ್ಸು, ಎಡಗಿವಿಗೊಂದು ಯಂತ್ರ,
ಇದೇ ಹಾಲಿನಲ್ಲಿ ಇಪ್ಪತ್ತಾರು ವರ್ಷ ಮಗ್ಗ ಕಾದವಳು.
ಮಾತಾಡಿದರೆ ನಮ್ಮ ಕಣ್ಣು ನೋಡುವುದಿಲ್ಲ, ತುಟಿ ನೋಡುತ್ತಾಳೆ.

ತತ್ತ್ವ ಇಷ್ಟೇ: ಸೊನ್ನೆಯ ಹೊತ್ತಿಗೆ ಒಂದು.
ಅದಕ್ಕೆ ಮುಂಚೆ ಏನಿಲ್ಲ, ಆಮೇಲೂ ಏನಿಲ್ಲ.
ಅಂಥ ಒಂದೇ ಏಟು ಕೊಟ್ಟು ಬಾಯಿ ಮುಚ್ಚಿ ನಿಲ್ಲಿ.
ಕೋಣೆ ಏನು ಮರುನುಡಿಯುತ್ತದೋ ಅದೇ ಆ ಕೋಣೆ.
ಮುಂದೆ ಯಾರ ದನಿಯನ್ನಾದರೂ ತನ್ನಿ,
ಹಿಂದುಮುಂದು ಮಾಡಿ, ಸರಿಸಿ, ಗುಣಿಸಿ, ಕೂಡಿಸಿ,
ಆ ದನಿ ಅಲ್ಲೇ ನಿಂತು ಮೊಳಗುತ್ತದೆ,
ಗೋಡೆ ಬಿದ್ದು ಹತ್ತು ವರ್ಷ ಕಳೆದಿದ್ದರೂ.

ಬೊಗ್ನಾ ಸೂಜಿ ಚುಚ್ಚಿದಳು.
ಠಪ್!
ಸೂರಿನ ಪಾರಿವಾಳಗಳೆದ್ದು ಮೊದಲ ಅಳತೆ ಕೆಡಿಸಿದವು.
ಎರಡನೆಯದರಲ್ಲಿ ನಾನು ಸೀನಿದೆ.
ಮೂರನೆಯದು ಕಬ್ಬಿಣದ ಕಂಬದಿಂದ ಕಂಬಕ್ಕೆ ದಾಟುತ್ತ
ಮೂರು ಸೆಕೆಂಡು ಬದುಕಿತು.
ಬೊಗ್ನಾ ಹೆಬ್ಬೆರಳೆತ್ತಿದಳು. ಪಾನಿ ಲೊಂಗಿನಾ
ಚಿಂದಿ ರಬ್ಬರನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡಳು,
ನೆಲ ಇನ್ನೂ ತನ್ನ ಪಾಳಿಯದೇ ಎಂಬಂತೆ.

ಶುಕ್ರವಾರ ಸ್ಪಂಜು ಗೋಡೆಯ ಕೋಣೆಯಲ್ಲಿ
ಅವಳ ದನಿ ಹಿಡಿದೆವು. ಏನು ಹೇಳಲಿ ಅಂದಳು.
ಏನಾದರೂ, ಅಂದೆವು.
ಟೆಕ್ಲಾ, ಅಂದಳು. ಗೆನೋವೆಫಾ. ಟೆಕ್ಲಾ, ದಾರ ಹರಿಯಿತು ನೋಡು.
ಲ್ಯಾಪ್‌ಟಾಪು ಬಿಸಿಯಾಗಿ ಗೊರಗುಟ್ಟಿತು,
ಸ್ಪೀಕರಿನಲ್ಲಿ ಟೆಕ್ಲಾ ಎಂಬ ಹೆಸರು
ಆ ಇಡೀ ಹಾಲಿನ ಉದ್ದಕ್ಕೂ ನಡೆದುಹೋಯಿತು.
ನನಗೆ ಮೈ ಜುಮ್ಮೆಂದಿತು.
ಪಾನಿ ಲೊಂಗಿನಾ ಸ್ಪೀಕರಿಗೆ ಅಂಗೈ ಒತ್ತಿ
ಕೊನೆಯವರೆಗೂ ತಡೆದು, ತಲೆಯಾಡಿಸಿದಳು.
“ಇದು ಚರ್ಚು.
ಅಲ್ಲಿ ಇನ್ನೂರು ಮಗ್ಗ ಬಡಿಯುತ್ತಿದ್ದವು, ಮಕ್ಕಳೇ.
ಯಾರ ಹೆಸರೂ ಯಾರಿಗೂ ಕೇಳಿಸಿದ್ದಿಲ್ಲ.
ತುಟಿ ಓದುವುದನ್ನು ಕಲಿತದ್ದು ಕಿವಿ ಹೋದ ಮೇಲಲ್ಲ.”

ಸುಲಭ, ಅಂದಳು ಬೊಗ್ನಾ. ಇನ್ನೂರು ಮಗ್ಗದ ಸದ್ದು ಕೂಡಿಸಿದರಾಯಿತು,
ವ್ಯವಸ್ಥೆ ರೇಖೀಯ ತಾನೇ?
ರೇಖೀಯವೇ. ಆದರೆ ಥಾನುಗಟ್ಟಲೆ ಹಸಿ ಬಟ್ಟೆ,
ಗಾಳಿಯಲ್ಲಿ ತೇಲುವ ಹತ್ತಿಯ ಧೂಳು,
ಎಂಬತ್ತು ಹೆಂಗಸರ ಬೆವರಿದ ಮೈಗಳು
ಕುಡಿದ ಸದ್ದು ಎಷ್ಟು?
ಕಾಲಕ್ಕೆ ಬದಲಾಗದ ವ್ಯವಸ್ಥೆ ಎಂದು
ಮೊದಲ ಪುಟದ ಮೊದಲ ಸಾಲಿನಲ್ಲೇ
ನಾವು ಯಾರನ್ನೂ ಕೇಳದೆ ಬರೆದುಕೊಂಡಿದ್ದೆವು.

ವರದಿಯ ಕೊನೆಗೆ ಅದನ್ನೂ ಸೇರಿಸಿದೆ, ಕೇಳದ ಒಂದು ಪ್ಯಾರಾ.
ಡಾಕ್ಟರ್ ಸ್ಕೋವ್ರೋನೆಕ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ
ಪಕ್ಕದಲ್ಲಿ ಏನೂ ಬರೆಯಲಿಲ್ಲ.
ಐದಕ್ಕೆ ಮೂರೂವರೆ.
ಬೊಗ್ನಾ ಒಂದು ವಾರ ಮಾತು ಬಿಟ್ಟಳು.

ಮೊನ್ನೆ ಟ್ರಾಮು ಹೊರಟಾಗ
ಎದುರು ನಿಲ್ದಾಣದಲ್ಲಿ ಪಾನಿ ಲೊಂಗಿನಾ, ಕೈಯಲ್ಲಿ ಎಲೆಕೋಸು.
ನನ್ನನ್ನು ಗುರುತಿಸಿ ಗಾಜಿನಾಚೆಯಿಂದ ಏನೋ ಹೇಳಿದಳು,
ದನಿಯಿಲ್ಲದೆ, ತುಟಿ ಅಗಲಿಸಿ, ಗಿರಣಿಯ ರೀತಿಯಲ್ಲಿ.
ಕಂಬಗಳು ಅಡ್ಡ ಬಂದವು.
ನಾಲ್ಕು ಆಕಾರ ಸಿಕ್ಕವು.
ನಡುವಿನದನ್ನು
ಇನ್ನೂ ತುಂಬುತ್ತಿದ್ದೇನೆ.