ಕಡಿಮೆ ಕಾಸಿನ ದಾರಿ

ಜೆ.ಸಿ. ರಸ್ತೆ, ಮೂರನೇ ಮಹಡಿ, ಬೇರಿಂಗಿನ ಆಫೀಸು.
ಲಿಫ್ಟಿಲ್ಲ. ಟೂಲ್ ಬ್ಯಾಗು ಹೆಗಲಿಂದ ಹೆಗಲಿಗೆ ದಾಟಿಸಿಕೊಂಡು
ಹತ್ತಿ ಹೋದರೆ ಯಜಮಾನರು
ಫೋನಿನ ಬಿಲ್ಲುಗಳನ್ನು ಮೇಜಿನ ತುಂಬ ಹರಡಿ ಕೂತಿದ್ದರು,
ಕೂಡಿಬಾರದ ಜಾತಕಗಳ ಮುಂದೆ ಕೂತ ಹಾಗೆ.
‘ಬರೀ ಮಾತಿಗೇ ತಿಂಗಳಿಗೆ ಹದಿನೆಂಟು ಸಾವಿರ, ನೋಡ್ರೀ.
ಮಾಲಿಗಿಂತ ಮಾತೇ ದುಬಾರಿಯಾದ್ರೆ
ಅಂಗಡಿ ಯಾಕೆ ಇಡ್ಬೇಕು?’

ಎಕ್ಸ್‌ಚೇಂಜ್ ಪೆಟ್ಟಿಗೆ ದೇವರ ಫೋಟೋದ ಕೆಳಗೆ.
ತಲೆಯ ಮೇಲೆ ಊದುಬತ್ತಿಯ ಬೂದಿ,
ಮುಚ್ಚಳ ತೆಗೆದರೆ ಬಿಳಿ-ನೀಲಿ, ಬಿಳಿ-ಕಿತ್ತಳೆ ಜೋಡಿ ತಂತಿ,
ಒಣಗಿ ಕಾಗದವಾದ ಒಂದು ಹಲ್ಲಿ.

ಆಪರೇಟರ್ ಜಸಿಂತಾ ರಿಸೀವರ್ ಒರೆಸಿ ಕುರ್ಚಿ ಬಿಟ್ಟುಕೊಟ್ಟಳು.
ಸ್ಟಾರ್ ಒತ್ತಿದೆ, ಗುಟ್ಟಿನ ನಾಲ್ಕು ಅಂಕಿ ಒತ್ತಿದೆ.
ಚಿಕ್ಕ ಬೀಪ್ ಅಂದರೆ ಹೂಂ,
ಉದ್ದಕ್ಕೆ ಕೂಗಿದರೆ ಊಹೂಂ.
ಈ ಯಂತ್ರಕ್ಕೆ ಬರುವ ಭಾಷೆ ಅಷ್ಟೇ.

ಎರಡರಿಂದ ಶುರುವಾದರೆ ಊರೊಳಗೆ: ಹಳೇ ತಾಮ್ರದ ಲೈನು.
ಒಂಬತ್ತಾದರೆ ಸಿಮ್ ಹಾಕಿದ ಹೊಸ ಪೆಟ್ಟಿಗೆ.
ತೊಂಬತ್ತೈದಾದರೆ, ಆ ತೊಂಬತ್ತೈದು ಕಿತ್ತು
ಸೊನ್ನೆ ಅಂಟಿಸಿ, ಅದೂ ಸಿಮ್ಮಿಗೇ;
ನಿಮಿಷಕ್ಕೆ ನಲವತ್ತು ಪೈಸೆ ಉಳಿಯುತ್ತೆ.
ಅದು ಬ್ಯುಸಿಯಾದರೆ ಇದು, ಇದೂ ಬ್ಯುಸಿಯಾದರೆ ಕಾಯಿಸು.
ಬೆರಳು ಅವರದು, ದಾರಿ ನನ್ನದು.
ಟೌನ್‌ಹಾಲ್ ಮುಂದಿನ ಟ್ರಾಫಿಕ್ ಪೊಲೀಸಿಗೂ
ಇಷ್ಟು ಅಧಿಕಾರವಿಲ್ಲ.

ಸರಿಹೋಯಿತೋ ಇಲ್ಲವೋ ನೋಡಲು
ಹಳೇ ಕರೆಗಳ ಪಟ್ಟಿ ತೆಗೆಸಿದೆ. ಪ್ರಿಂಟರು ಕಿರುಗುಟ್ಟಿ ಕಿರುಗುಟ್ಟಿ
ಕೊಯಮತ್ತೂರು ಹನ್ನೊಂದು ನಿಮಿಷ, ಪುಣೆ ಆರು,
ಮ್ಯಾನೇಜರರ ಭಾವಮೈದ ನಲವತ್ತೆರಡು.
ನಡುವೆ
ಎಕ್ಸ್‌ಟೆನ್ಷನ್ ಮೂವತ್ತೊಂದು, ಕೆಳಗಿನ ಗೋಡೌನು,
ಸಂಜೆ ಆರೂ ಹತ್ತು, ಬಂಗಾರಪೇಟೆ.
ಮಾತಾಡಿದ ಹೊತ್ತು: ಸೊನ್ನೆ. ಕಾಸು: ಸೊನ್ನೆ.
ಮರುದಿನವೂ. ಅದರ ಮರುದಿನವೂ.
ಭಾನುವಾರ ಇಲ್ಲ.

ಜಸಿಂತಾ ನಕ್ಕಳು. ‘ಪ್ಯಾಕಿಂಗಿನ ದೊರೈರಾಜ್.
ಎರಡು ರಿಂಗ್ ಕೊಟ್ಟು ಇಟ್ಟುಬಿಡ್ತಾರೆ.
ಎರಡಂದ್ರೆ ಆರೂಮುಕ್ಕಾಲಿನ ರೈಲಿಗೆ ಬರ್ತೀನಿ, ಅನ್ನಕ್ಕಿಡು.
ಒಂದಂದ್ರೆ ಲೋಡ್ ಬಂದಿದೆ, ನೀನು ಉಂಡು ಮಲಗು.
ಮೂರು ಯಾವತ್ತೂ ಕೊಟ್ಟಿಲ್ಲ.
ಮೂರಕ್ಕೇನರ್ಥ ಅಂತ ನಾನೂ ಕೇಳಿಲ್ಲ.’

ಎರಡು ದಿನ ಕೂತು ನಾನು ಲೆಕ್ಕ ಹಾಕಿದ್ದ ದಾರಿಗಿಂತ
ಅಗ್ಗದ ದಾರಿ, ಎಷ್ಟು ವರ್ಷದಿಂದಲೋ,
ಈ ಪೆಟ್ಟಿಗೆಯೊಳಗೇ ಸವೆದು ನುಣುಪಾಗಿತ್ತು.
ನಾಳೆ ಅದು ನನ್ನ ಕೋಷ್ಟಕಕ್ಕೆ ಸಿಕ್ಕಿದರೆ?
ಸಿಮ್ ಪೆಟ್ಟಿಗೆ ಎಂಟು ಸೆಕೆಂಡು ಮೂಕವಾಗಿದ್ದು
ಆಮೇಲೆ ಬಾರಿಸುತ್ತೆ, ಎಣಿಕೆ ತಪ್ಪುತ್ತೆ.
ಆಕೆಯ ಫೋನಿನ ಪರದೆ ಮೇಲೆ
ಯಾವುದೋ ಕಾಣದ ನಂಬರು ಮೂಡುತ್ತೆ.
ಎತ್ತುತ್ತಾಳೆ. ಎತ್ತಿದರೆ ಕಾಸು, ಹೋಗಲಿ,
‘ಯಾರು?’ ಅನ್ನುವಷ್ಟರಲ್ಲಿ ಇವನು ಇಟ್ಟಿರುತ್ತಾನೆ.
ಅಡುಗೆಮನೆಯಲ್ಲಿ ಆ ‘ಯಾರು’ ಹಾಗೇ ನಿಂತಿರುತ್ತೆ,
ರೈಲು ಬರುವವರೆಗೆ.

ನಲವತ್ತನೇ ಸಾಲು ಖಾಲಿಯಿತ್ತು.
ಆ ನಂಬರನ್ನು ಪೂರ್ತಿ ಒತ್ತಿದೆ, ಒಂದಂಕಿಯೂ ಬಿಡದೆ.
ಇದಕ್ಕೆ ಹಳೇ ತಾಮ್ರವೇ. ಬದಲಿ ದಾರಿ: ಇಲ್ಲ.
ಚಿಕ್ಕ ಬೀಪ್.

‘ಎಲ್ಲಾನೂ ಕಡಿಮೆ ರೇಟಿಗೇ ಹಾಕಿದ್ರಾ?’
ಬಾಗಿಲಲ್ಲಿ ಯಜಮಾನರು, ಚೆಕ್ಕಿನ ಸಹಿ ಆರಿಸುತ್ತಾ.
ಚಿಕ್ಕದಾಗಿ ಹೂಂ ಅಂದೆ.

ಆರೂ ಹತ್ತಕ್ಕೆ ಬ್ಯಾಗಿನ ಜಿಪ್ ಎಳೆಯುವ ನೆಪದಲ್ಲಿ ನಿಂತೆ.
ಒಂದನೇ ಲೈನಿನ ಕೆಂಪು ದೀಪ ಹತ್ತಿತು.
ಎರಡು ರಿಂಗಿನಷ್ಟು ಉರಿಯಲೆಂದು
ಇಬ್ಬರೂ ಉಸಿರು ಹಿಡಿದೆವು;
ಅರ್ಧಕ್ಕೇ ಆರಿತು.

ನನ್ನದೇ ತಪ್ಪೋ ಎಂದು ಮತ್ತೆ ಸ್ಟಾರ್ ಒತ್ತಹೊರಟೆ.
ಜಸಿಂತಾ ಕಿಟಕಿಯ ಕಡೆ ಕೈ ತೋರಿಸಿದಳು.
ಕೆಳಗೆ ಗೋಡೌನಿನ ಗೇಟಿಗೆ ಬೆನ್ನು ಮಾಡಿ
ಕೊಯಮತ್ತೂರಿನ ಲಾರಿಯೊಂದು
ಹಿಂದಕ್ಕೆ, ಇನ್ನೂ ಹಿಂದಕ್ಕೆ ಬರುತ್ತಿತ್ತು.