ಕಚ್ಚು ಕೂಡುವ ತನಕ

ರಾಸು ಅಂದರೆ ನನ್ನಪ್ಪನಿಗೆ ದನ.
ಸಂತೆಯಲ್ಲಿ ಹೋರಿಯ ತುಟಿ ಎತ್ತಿ,
ಎರಡು ಹಲ್ಲೋ ನಾಲ್ಕೋ ನೋಡಿ,
ಟವೆಲ್ಲಿನಡಿ ಬೆರಳು ಹಿಡಿದು
ಜೋಡಿ ಕೂಡಿಸಿ ಕೊಟ್ಟವನು.
ನಾನು ಜಗತ್ ಸರ್ಕಲ್ಲಿನ ಹಿಂದೆ
ಪ್ಲಾಸ್ಟರಿನ ಧೂಳಲ್ಲಿ ಕೂತು
ಊರಿನ ಬೊಚ್ಚುಬಾಯಿಗಳಿಗೆ ಹಲ್ಲು ಕಟ್ಟುತ್ತೇನೆ.
ನನ್ನ ರಾಸು ಸಮುದ್ರದ್ದು.
ಅದಕ್ಕೂ ಹಲ್ಲುಂಟು,
ಮುಂದಕ್ಕೆ ಚಾಚಿದ ಸಣ್ಣ ಕೋರೆ.

ಥರ್ಮಾಕೋಲಿನ ಡಬ್ಬಿ ಚೆನ್ನೈ ಗಾಡಿಗೆ ಬಂತು, ನಸುಕಿಗೆ.
ಪಾರ್ಸೆಲ್ಲಿನವನು ಕಿವಿಗಿಟ್ಟು ಅಲುಗಿಸಿದ:
"ಏನದರೀ ಇದ್ರಾಗ?"
"ಮೀನ್ರೀ. ಉಪ್ಪುನೀರಿನವು. ಅಲುಗಿಸಬ್ಯಾಡ್ರಿ."
"ನಮ್ಮ ಕಲಬುರ್ಗಿ ಬಿಸಲಾಗ?"
ನನ್ನ ಮುಖ ನೋಡಿ ಸುಮ್ಮನೆ
ಸಹಿಗೆ ಪೆನ್ನು ಕೊಟ್ಟ.

ನಾಲ್ಕು ಚೀಲ. ಚೀಟಿ ತೊಯ್ದು ಹೆಸರು ಕದಡಿದ್ದವು.
ಇಲಿಯಾಸ ಫೋನಿನ ಚಿತ್ರ ಗಾಜಿಗೆ ಹಿಡಿದು
"ಇದೇ ಅದು ಉಸ್ತಾದ್" ಅನ್ನುತ್ತಲೇ ಇದ್ದ.
ಹಲ್ಲಿನ ಬಣ್ಣದ ಪಟ್ಟಿ ಹಿಡಿದು ಸವೆದ ಕಣ್ಣು ನನ್ನದು;
ಎ-ಎರಡಕ್ಕೂ ಎ-ಮೂರಕ್ಕೂ ನಡುವೆ
ಒಂದು ಗುಟುಕು ಚಹಾದಷ್ಟು ಹಳದಿ ಇರುತ್ತದೆ.
ಬಣ್ಣ ನಂಬಬೇಡ, ಅಂದೆ.
ಈ ಜಾತಿಗೆ ಮರಿಯಾಗಿದ್ದಾಗೊಂದು ಅಂಗಿ, ಹರೆಯಕ್ಕೊಂದು.
ಹೆಣ್ಣಾಗಿ ಬಂದದ್ದು, ತೊಟ್ಟಿಯಲ್ಲಿ ಗಂಡಿಲ್ಲವೆಂದರೆ,
ಕೆಲವು ವಾರಗಳಲ್ಲಿ ತಾನೇ ಗಂಡಾಗಿ ನಿಲ್ಲುತ್ತದೆ,
ಯಾರನ್ನೂ ಕೇಳದೆ.
ಕಣ್ಣು ದಾಟಿ ಹೋಗುವ ಗೆರೆ ನೋಡು.
ಬೆನ್ನ ರೆಕ್ಕೆಯಲ್ಲಿ ಬೊಟ್ಟೆಷ್ಟು, ಎಣಿಸು.
ಹಸಿರು ಮೈಗೆ ಕುಂಕುಮದ ಗೆರೆ ಎಳೆದದ್ದು ಮೆಲನ್ಯೂರಸ್.
ಚುಕ್ಕೆಗೆ ಚುಕ್ಕೆ ಒತ್ತಿ ಕೂತದ್ದು ಚಿರತೆ.
ಬೆನ್ನ ಮೇಲೆ ದಾರದೆಳೆ ಎತ್ತಿ ತೋರಿಸಿ,
ಮತ್ತೆ ಮಡಚಿ ನಾಚುವುದು ಫ್ಲಾಷರ್.

ನಾಲ್ಕನೆಯದು ನಾನು ಕೇಳಿದ್ದಲ್ಲ.
ನೇರಳೆ ಮೈ, ಆರು ಗೆರೆ, ಹಸಿರು ಬಾಲ,
ಬೆರಳುದ್ದದ ಪೈಲ್ವಾನ.
"ಎಲ್ಲಾದ್ರಕಿಂತ ಇದೇ ಚಂದ ಅದ, ಇರ್ಲಿ ಅಪ್ಪಾ" ಅಂದಳು ಭಾಗವಂತಿ.
ಇರಲಿ ಅಂದೆ.

ತಪ್ಪು ನನ್ನದೇ.
ಜಗಳಗಂಟನನ್ನು ಕೊನೆಗೆ ಬಿಡಬೇಕು; ನಾನು ಮೊದಲು ಬಿಟ್ಟೆ.
ಮೊದಲು ಬಂದದ್ದಕ್ಕೆ ಮನೆಯೆಲ್ಲ ತನ್ನದು.
ಎರಡನೇ ರಾತ್ರಿ ಜಾಲರಿಯ ಮುಚ್ಚಳದಲ್ಲಿ
ಪೈಪಿಗೆಂದು ಕತ್ತರಿಸಿದ ಸಂದಿಯಿಂದ
ಫ್ಲಾಷರ್ ಹಾರಿ ಬಿದ್ದಿತ್ತು,
ಶಹಾಬಾದ್ ಕಲ್ಲಿನ ನೆಲಕ್ಕೆ.
ಈ ಕಲ್ಲೂ ಒಂದು ಕಾಲಕ್ಕೆ ಕಡಲಿನ ತಳವೇ ಅನ್ನುತ್ತಾರೆ,
ಮೀನು ಹುಟ್ಟುವುದಕ್ಕೂ ಮೊದಲಿನ ಕಡಲು.
ಬೆಳಿಗ್ಗೆ ನೋಡಿದಾಗ
ರೆಕ್ಕೆಯ ದಾರ ಕಲ್ಲಿಗೆ ಅಂಟಿತ್ತು.
ಬಿಡಿಸಲು ಉಗುರು ಹಾಕಬೇಕಾಯಿತು.

ಚಿರತೆಯೂ ಕಾಣಲಿಲ್ಲ.

ಹೊಸ ಸೆಟ್ ಕೂಡಿಸುವಾಗ
ನೀಲಿ ಕಾಗದ ಕಚ್ಚಿಸಿ ನೋಡುತ್ತೇವೆ.
ಎಲ್ಲಿ ಎತ್ತರವೋ ಅಲ್ಲಿ ನೀಲಿ ಉಳಿಯುತ್ತದೆ.
ಕೂದಲೆಳೆ ಎತ್ತರ ಸಾಕು,
ಇಡೀ ದವಡೆ ರಾತ್ರಿಯೆಲ್ಲ ನೋಯಲಿಕ್ಕೆ.
ಆ ಹಲ್ಲು ಕೆಟ್ಟದ್ದಲ್ಲ. ಈ ಬಾಯಿಗಲ್ಲ, ಅಷ್ಟೇ.
ಅಪ್ಪನ ಮಾತು ನೆನಪಾಯಿತು:
"ಕೆಲವು ಎತ್ತು ಒಂಟಿಗಾಡಿಗೇ ಹುಟ್ಟಿರ್ತಾವ.
ಅವುಕ್ಕ ನೊಗದ ಜೋಡಿ ಹುಡುಕಬ್ಯಾಡ."

ಬಾಟಲಿಯ ಬಲೆ ಹೂಡಿ ಆರು ಗೆರೆಯವನನ್ನು ಹಿಡಿದೆ.
ಅವನೀಗ ನನ್ನ ಮೇಜಿನ ಮೇಲಿದ್ದಾನೆ,
ತನ್ನದೇ ಸಣ್ಣ ತೊಟ್ಟಿ, ತನ್ನದೇ ಬಂಡೆ.
ಪಕ್ಕದ ಲೋಟಗಳಲ್ಲಿ ನಾಳೆಯ ಹಲ್ಲಿನ ಸೆಟ್ಟುಗಳು.
ದೀಪ ಆರಿಸಿದರೆ
ಬಾಯಿಂದ ಜೊಲ್ಲಿನ ಗುಳ್ಳೆ ನೇಯ್ದು
ಅದರೊಳಗೆ ಮಲಗುತ್ತಾನೆ.
ಎಲ್ಲ ನೀರಲ್ಲಿ, ಎಲ್ಲ ಸುಮ್ಮನೆ.

ಆರನೇ ದಿನ, ಕರೆಂಟು ಹೋಗಿ ಬಂದು
ಚಿಲ್ಲರು ಗೊರಗೊರ ಅಂದಾಗ,
ಮರಳು ಒಂದು ಕಡೆ ಉಸಿರಾಡಿತು.
ಮೊದಲು ಮೂತಿ, ಆಮೇಲೆ ಚುಕ್ಕೆ,
ಆಮೇಲೆ ಉಳಿದ ಚುಕ್ಕೆಗಳು.
ಮೆಲನ್ಯೂರಸ್ ಹತ್ತಿರ ಬಂದು ನೋಡಿ
ದಾರಿ ಬಿಟ್ಟಿತು.
ಭಾಗವಂತಿ ಕೂಗಲಿಲ್ಲ. ನನ್ನ ತೋಳು ಹಿಡಿದಳು.

ಮರುದಿನ ಸೇಡಂ ಕಡೆಯ ಮುದುಕಿ,
ಮೇಣದ ಹಲ್ಲು ಅಳತೆ ನೋಡಲು ಬಂದವಳು,
ಗಾಜಿಗೆ ಮೂಗು ಹಚ್ಚಿ ಕೇಳಿದಳು:
"ಒಬ್ನೇ ಯಾಕ ಇಟ್ಟೀದಿ ತಮ್ಮಾ ಇವ್ನಿಗಿ?"
"ಹಲ್ಲು ಅದಾವವ್ವ, ಅದಕ್ಕ."
ಅವಳು ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕಳು,
ನಾನು ಅಳತೆ ಮರೆಯುವಷ್ಟು ಹೊತ್ತು.