ಕಟ್ಟೆಯ ಮೇಲುಗಡೆ

ನಮ್ಮಮ್ಮ ಆನಿಸ್‌ಗೆ 'ಉಪ್ಪು' ಅನ್ನಲು ಇಡೀ ಮುಖ ಬೇಕಿತ್ತು.
ತುಟಿ ಮುಂದಕ್ಕೆ, ಹುಬ್ಬು ಮೇಲಕ್ಕೆ, ಗಲ್ಲ ಕೆಳಕ್ಕೆ.
ದನಿ ಮಾತ್ರ ಇಲ್ಲ.

ಆರು ಮಗ್ಗಗಳ ನಡುವೆ ಹದಿನೇಳು ವರ್ಷ.
ಲಾಳಿ ಹೋಗಿ ಲಾಳಿ ಬರುವ ಆ ಧಡಧಡದಲ್ಲಿ
ಕೋಸಿನ ಬೆಲೆ, ಯಾರಿಗೆ ಮೂರು ತಿಂಗಳು,
ಯಾರ ಗಂಡ ಮತ್ತೆ ಕುಡಿದು ಮೆಟ್ಟಿಲ ಮೇಲೆ ಮಲಗಿದ,
ಎಲ್ಲವೂ ತುಟಿಯಿಂದ ನೇರ ಕಣ್ಣಿಗೆ.
ಕಿವಿಗೆ ಅಲ್ಲಿ ಹತ್ತಿ ತುರುಕಿಕೊಳ್ಳುವುದೊಂದೇ ಕೆಲಸ.

ಅಪ್ಪ ಬಸ್ ಕಂಡಕ್ಟರ್.
ಅವನದ್ದು ಎಲ್ಲ ಸದ್ದೇ.
ರಾತ್ರಿ ಊಟಕ್ಕೆ ಕೂತಾಗ ಅಮ್ಮ ಮತ್ತು ಲೆಟಿ ಚಿಕ್ಕಮ್ಮ
ಅವನ ತಲೆಯ ಮೇಲಿಂದ ಅವನನ್ನೇ ಆಡಿಕೊಳ್ಳುತ್ತಿದ್ದರು.
ಅವನು ಪೇಪರ್ ಮಡಚಿ,
"ಏನು ನಿಶ್ಶಬ್ದ ಈ ಮನೆಯಲ್ಲಿ, ಸ್ವರ್ಗ" ಅನ್ನುತ್ತಿದ್ದ.

ಊರಿನ ನದಿ ಬಣ್ಣದ ಮನೆಯ ಆಳು.
ಸೋಮವಾರ ನೀಲಿ, ಗುರುವಾರ ಇಟ್ಟಿಗೆಗೆಂಪು,
ನಡುವೆ ಏನೋ ಒಂದು, ಹೆಸರಿಲ್ಲದ್ದು.
ಶಾಲೆಗೆ ಹೋಗುವಾಗ ಸೇತುವೆಯ ಮೇಲೆ ನಿಂತು
ಇವತ್ತು ಯಾರ ಅಂಗಿ ಹರಿಯುತ್ತಿದೆ ಎಂದು ಪಂದ್ಯ ಕಟ್ಟುತ್ತಿದ್ದೆವು.

ವರ್ಷಕ್ಕೊಂದು ವಾರ ಮಿಲ್ಲುಗಳಿಗೆ ಬೀಗ.
ಇದ್ದವರು ರೈಲು ಹತ್ತಿ ಸಮುದ್ರಕ್ಕೆ.
ಆ ವರ್ಷ ನಮ್ಮ ಡಬ್ಬಿಯಲ್ಲಿ ಸಮುದ್ರದಷ್ಟು ದುಡ್ಡಿರಲಿಲ್ಲ.
ಜಾಮ್ ಸವರಿದ ಬ್ರೆಡ್ಡು, ಬಾಟಲಿಯಲ್ಲಿ ತಣ್ಣಗಾದ ಟೀ,
ನದಿಯ ಗುಂಟ ಮೇಲಕ್ಕೆ ನಡೆದೆವು, ಕಟ್ಟೆಯ ಮೇಲುಗಡೆಗೆ.
ಹೊಗೆಯಿಲ್ಲದ ಚಿಮಣಿಗಳ ಹಿಂದೆ ಗುಡ್ಡಗಳಿದ್ದವು.
ಇಷ್ಟು ಹತ್ತಿರವಾ, ಎಂದಳು ಲೆಟಿ.
ಅಮ್ಮ ಮಾತ್ರ ಸದ್ದಿಲ್ಲದ ನೆಲಕ್ಕೆ ಹೆಜ್ಜೆ ಹೊಂದದೆ
ಎರಡು ಸಲ ಎಡವಿದಳು.

ಡೆಸ್ಮಂಡ್‌ಗೆ ಆರು ವರ್ಷ.
ಹನ್ನೊಂದು ದಾಟುಗಲ್ಲು, ಒಂದೊಂದೇ ಎಣಿಸುತ್ತ ಹೋದವನು
ಏಳರ ಮೇಲೆ ನಿಂತ.
ಮೇಲೆ ಯಾರೋ ತೂಬು ಎತ್ತಿದ್ದರು, ಅಥವಾ ದೂರ ಮಳೆಯಾಗಿತ್ತು.
ಆರು ಮುಳುಗಿತು. ಎಂಟು ಮುಳುಗಿತು.

ಅಪ್ಪ ಕೂಗಿದ.
ಇಡೀ ಬಸ್ಸನ್ನು ಎದ್ದು ಕೂರಿಸುವ ಗಂಟಲು,
ಕಟ್ಟೆಯ ನೀರು ಅದನ್ನು ಒಂದೇ ಗುಟುಕಿಗೆ ಕುಡಿಯಿತು.
ಶೂ ಬಿಚ್ಚುತ್ತಿದ್ದ ಅವನನ್ನು ಅಮ್ಮ ಮೊಣಕೈಯಿಂದ ತಳ್ಳಿ,
ಹ್ಯಾಟು ತೆಗೆದು ಹುಲ್ಲಿಗೆಸೆದು,
ದಡದ ಕೆಸರಲ್ಲಿ ಮಂಡಿಯೂರಿದಳು.
ಬಿಸಿಲು ಮುಖಕ್ಕೆ ಬೀಳುವಂತೆ, ಸ್ವಲ್ಪ ಓರೆ.

ಮೊದಲ ಮೂರು ಮಾತು ನನಗೂ ಕಂಡವು:
ಕೂತ್ಕೋ. ನೀರು ನೋಡಬೇಡ. ನನ್ನ ನೋಡು.
ಕೂತ.

ಆಮೇಲೆ ಲೆಟಿ ನನ್ನನ್ನು ಹಿಂದಕ್ಕೆಳೆದು ಅಪ್ಪಿಕೊಂಡಳು.
ಅಲ್ಲಿಂದ ಕಂಡದ್ದು ಅಮ್ಮನ ಬೆನ್ನು,
ಜಾರಿದ ಹೇರ್‌ಪಿನ್ನು,
ಕತ್ತಿನಲ್ಲಿ ಏಳುವ ಬೀಳುವ ಎರಡು ನರ.
ಆರ್ಮರಾಡ್ ಹಗ್ಗ ತರುವತನಕ,
ಮುಕ್ಕಾಲು ಗಂಟೆಯೋ, ಹೆಚ್ಚೋ,
ಆ ನರ ನಿಲ್ಲಲಿಲ್ಲ.
ನೀರು ಏಳನೆಯ ಕಲ್ಲಿನ ಅಂಚು ನೆಕ್ಕುತ್ತಿದ್ದಾಗ
ನಡುಹೊಳೆಯಲ್ಲಿ ನನ್ನ ತಮ್ಮ
ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಟೀ ಬಾಟಲಿ ಅಲ್ಲೇ ಮರೆತು ಬಂದೆವು.
ಅಪ್ಪನ ಗಂಟಲು ಕಟ್ಟಿ ನಾಲ್ಕು ದಿನ
ಟಿಕೆಟ್ಟಿನ ಬೆಲೆಯನ್ನು ಬೆರಳಲ್ಲಿ ತೋರಿಸಿದ.
ಅಮ್ಮ ಲೆಟಿಗೆ ತುಟಿಯಲ್ಲಿ ಏನೋ ಅಂದಳು.
ಇಬ್ಬರೂ ಸೆರಗಿಲ್ಲದವರು, ಏಪ್ರನ್ನಿನಿಂದ ಬಾಯಿ ಮುಚ್ಚಿಕೊಂಡರು.

ಮೊನ್ನೆ ಫೋನಿನಲ್ಲಿ ಕೇಳಿದೆ, ಅವತ್ತು ಏನು ಹೇಳಿದಳೋ?
"ಫೋನಲ್ಲಿ ಬೇಡ. ಬಾ, ಮುಖ ತೋರಿಸು."
ಹೋದೆ. ಅವನಿಗೀಗ ಎಪ್ಪತ್ತೊಂದು, ಕಿವಿ ಮಂದ.
"ಕಥೆಯೇನಲ್ಲ ಕಣೇ. ಕೋಸಿನ ಬೆಲೆ.
ಆರ್ಮರಾಡ್ ಹೆಂಡತಿಯ ಬಾಡಿಗೆ ಬಾಕಿ.
ಮೆಟ್ಟಿಲ ಮೇಲೆ ಮಲಗುವವನ ಪ್ಯಾಂಟನ್ನು ನಾಯಿ ಹೊತ್ತೊಯ್ದದ್ದು.
ನಾನೂ ಪಕ್ಕದ ಮಗ್ಗದವಳು ಅನ್ನೋ ಹಾಗೆ."

ಅಷ್ಟೇನಾ?

ಕಪ್ಪಿನಲ್ಲಿ ಚಮಚ ತಿರುಗಿಸಿದ, ಸಕ್ಕರೆ ಹಾಕದೆಯೇ.
ತುಟಿ ಪಿಟಕ್ಕೆನ್ನಲಿಲ್ಲ.